ಒದ್ದೆ ವಿಭೂತಿ

ಮಲ್ಲಿಕಾಂಬ ಮುದ್ದೆ ತಿರುವುತ್ತಿದ್ದಳು. "ಕಂಪ್ಯೂಟರು ಫೋಟೋ ನೋಡಿ ಮೆದುಳು ಚೆನ್ನಾಗೈತೆ ಅಂದ್ಬಿಟ್ರೆ ಆಯ್ತಾ? ಮನೇಲಿ ಎಲ್ಲಾ ಮರೆಯೋಳು ನೀನೇ ಕಣೇ," ಎಂದು ಗಂಡ ಕರಿಸಿದ್ದಪ್ಪ ಬೆಳಗಿನಿಂದ ಹಂಗಿಸುತ್ತಿದ್ದ. ನಿಮ್ಮ ತಲೆಯ ಸ್ಕ್ಯಾನನ್ನು ಮೊದಲು ಎಐ ನೋಡಿತು, ಆಮೇಲೆ ನಾನೂ ನೋಡಿದೆ, ಏನೂ ತೊಂದರೆಯಿಲ್ಲಮ್ಮ ಎಂದು ತರೀಕೆರೆಯ ಡಾಕ್ಟರು ಹೇಳಿದ್ದರು. ಅವಳಿಗೂ ನಂಬಿಕೆ ಬಂದಿರಲಿಲ್ಲ. ಬೀಗದ ಕೈ ಅಕ್ಕಿ ಡಬ್ಬಿಯಲ್ಲಿ ಸಿಕ್ಕಿದ್ದು ಆ ಯಂತ್ರಕ್ಕೇನು ಗೊತ್ತು?

ಊಟಕ್ಕೆ ಕರೆಯುವಷ್ಟರಲ್ಲಿ ಅವನೇ ಅಡಿಗೆಮನೆ ಬಾಗಿಲಿಗೆ ಬಂದ. "ಬಿಲ್ವಪತ್ರೆ ಎಲ್ಲೇ? ಲಿಂಗಪೂಜೆ ಮಾಡದೇ ಉಣ್ಣಕ್ಕಾಯ್ತದಾ? ಅದನ್ನೂ ಮರ್ತ್ಯಾ?"

ಪೂಜೆ ಮುಗಿಸಿ ಅವನು ಎದ್ದದ್ದು ಈಗಷ್ಟೇ. ಹಣೆಯ ಮೇಲಿನ ವಿಭೂತಿ ಇನ್ನೂ ಒದ್ದೆಯಾಗಿತ್ತು.

ಅವಳು ಅವನ ಮುಖವನ್ನೇ ನೋಡಿದಳು. "ಹೂಂ ಕಣ್ರೀ, ನಾನೇ ಮರ್ತೆ. ಕೂತ್ಕಳಿ, ತತ್ತೀನಿ," ಎಂದಳು. ಸೋಮವಾರ ತನಗೇ ತಲೆನೋವೆಂದು ನೆಪ ಹೇಳಿ ಅವನನ್ನು ತರೀಕೆರೆಗೆ ಹೊರಡಿಸಬೇಕು, ಡಾಕ್ಟರಿಗೆ ಅವನನ್ನೇ ತೋರಿಸಬೇಕು ಎಂದು ನಿಶ್ಚಯಿಸಿದಳು. ಮಕ್ಕಳಿಗೂ ಹೇಳಲಿಲ್ಲ.