ಬಿಳಿ ದಾರದ ಪಸ್ಟೆಲ್

ಇನ್ನೊಂದು ಪಸ್ಟೆಲನ್ನೂ ತಿರುಗಿಸಿ ನೋಡಿದಳು ಯೂಲಾ. ಅದಕ್ಕೂ ಬಿಳಿ ದಾರ. ತಟ್ಟೆಯಲ್ಲಿದ್ದ ಬಾಳೆಲೆ ಪೊಟ್ಟಣಗಳಿಗೆಲ್ಲ ಬಿಳಿ ದಾರವೇ! ಮೆಕ್ಕೆಜೋಳದ ಹಿಟ್ಟಿನೊಳಗೆ ದನದ ಖೀಮಾ ತುಂಬಿದ್ದಕ್ಕೆ ಕೆಂಪು ದಾರ, ಕೋಳಿಯದಕ್ಕೆ ಬಿಳಿ. ಪ್ರತಿ ಕ್ರಿಸ್‌ಮಸ್‌ಗೂ ಅವಳು ಕಟ್ಟುತ್ತ ಬಂದದ್ದು ಹಾಗೆ. ಗೆಳತಿ ಸುಮಿಂತ್ರಾ ಹಿಂದೂ, ದನ ಮುಟ್ಟುವವಳಲ್ಲ. ಜೈತೂನ್ ಮುಸ್ಲಿಂ ಆದ್ದರಿಂದ ಮಾಂಸವೆಲ್ಲ ಹಲಾಲ್ ಅಂಗಡಿಯದೇ. ಇಡೀ ಟ್ರಿನಿಡಾಡ್ ಸುತ್ತಿದರೂ ಇಂಥ ನೇಮದವಳು ಸಿಗಳು ಎಂದು ಇಬ್ಬರೂ ಹೊಗಳುತ್ತಿದ್ದರು.

ಎರಡೂ ಬಗೆ ಮಾಡಿದ್ದು ನೆನಪಿದೆ, ಕಟ್ಟಿದ್ದು ನೆನಪಿಲ್ಲ. ಹೋದ ವಾರ ಒಲೆ ಆರಿಸುವುದನ್ನು ಮರೆತಿದ್ದಳು. ಮೊನ್ನೆ ಚರ್ಚಿನಲ್ಲಿ ಸ್ವಂತ ತಂಗಿಯ ಹೆಸರನ್ನು. ಯಾರಿಗೂ ಹೇಳಿರಲಿಲ್ಲ. ಇವತ್ತು ಎಲ್ಲ ಬಯಲಾಯಿತಲ್ಲ!

“ಏನೇ, ಪೂಜೆ ಮಾಡ್ತಿದ್ದೀಯಾ ಅದಕ್ಕೆ? ಬಡಿಸೇ, ಹೊಟ್ಟೆ ಚುರುಗುಟ್ತಿದೆ,” ಎಂದಳು ಜೈತೂನ್. ಅವಳು ತಂದ ಶಾವಿಗೆ ಪಾಯಸ, ಸುಮಿಂತ್ರಾ ತಂದ ಬೇಳೆ ರೊಟ್ಟಿ ಆಗಲೇ ಮೇಜಿನ ಮೇಲಿದ್ದವು.

“ಯಾವುದು ದನದ್ದು, ಯಾವುದು ಕೋಳೀದು, ಗೊತ್ತಾಗ್ತಿಲ್ಲ ಕಣೇ. ಎಲ್ಲಾ ಮರೆತುಹೋಗ್ತಿದೆ ನಂಗೆ.”

ಸುಮಿಂತ್ರಾ ಚಾಚಿದ್ದ ಕೈ ಹಿಂದೆ ತೆಗೆದುಕೊಂಡಳು. “ಇರಲಿ ಬಿಡೇ, ನಂಗೆ ರೊಟ್ಟಿ ಸಾಕು.”

ಆ ಮಾತೇ ಯೂಲಾಳಿಗೆ ಹೆಚ್ಚು ಚುಚ್ಚಿತು. “ಎಲ್ಲಾ ತಿಪ್ಪೆಗೆ ಸುರೀತೀನಿ!” ಎಂದು ತಟ್ಟೆ ಎತ್ತಿದಳು.

“ಸುರೀತಾಳಂತೆ! ಕೊಡಿಲ್ಲಿ.” ಜೈತೂನ್ ಒಂದನ್ನು ಬಿಚ್ಚಿ ಕಚ್ಚಿದಳು. “ದನದ್ದು. ಇದು ನಂಗೆ.” ಎದ್ದು ಹೋಗಿ ಕೈ ತೊಳೆದು, ಬಾಯಿ ಮುಕ್ಕಳಿಸಿ ಬಂದು ಇನ್ನೊಂದನ್ನು ಕಚ್ಚಿದಳು. “ಕೋಳಿ! ಸುಮಿಂತ್ರಾ, ತಗೋ.” ಅವಳ ತಟ್ಟೆಗೆ ಹಾಕಿದ ಮೇಲೆ ನಾಲಿಗೆ ಕಚ್ಚಿಕೊಂಡಳು. “ಅಯ್ಯೋ, ಎಂಜಲು ಮಾಡ್ಬಿಟ್ನಲ್ಲೇ!”

ಸುಮಿಂತ್ರಾ ತನ್ನ ಗಂಡ ಕಚ್ಚಿದ ಮಾವಿನಹಣ್ಣನ್ನೂ ಮುಟ್ಟದವಳು. ಮೊಮ್ಮಗಳು ನೆಕ್ಕಿದ ಚಮಚವನ್ನೂ ತೊಳೆತೊಳೆದು ಇಡುವವಳು. ಕಚ್ಚಿದ ಅಂಚನ್ನು ಅವಳು ಒಂದು ಗಳಿಗೆ ನೋಡಿದಳು. ಆಮೇಲೆ ಆ ಅಂಚಿನಿಂದಲೇ ತಿನ್ನತೊಡಗಿದಳು.

“ಉಪ್ಪು ಸ್ವಲ್ಪ ಕಮ್ಮಿ,” ಎಂದಳು.

ಯೂಲಾ ಅಳುತ್ತಲೇ ನಕ್ಕಳು. ಆದರೂ ಭಯ ಹೋಗಲಿಲ್ಲ. “ನಾಳೆ ನಿಮ್ಮಿಬ್ಬರನ್ನೇ ಮರೆತುಬಿಟ್ರೆ ಏನ್ರೇ ಮಾಡ್ಲಿ?”

ಸುಮಿಂತ್ರಾ ಮತ್ತೊಂದು ಪೊಟ್ಟಣವನ್ನು ರುಚಿ ನೋಡಲೆಂದು ಜೈತೂನಳ ಕಡೆ ತಳ್ಳುತ್ತ ಹೇಳಿದಳು:

“ಮರೆತ್ರೆ ಮರೆತ್ಬಿಡು ಹೋಗೇ. ನಿನ್ನ ಮನೆ ದಾರಿ ನಮಗೆ ಗೊತ್ತಿದೆಯಲ್ಲ.”