ಕೂಸಿನ ಚೀಲದ ಅಡಕತ್ತರಿ

ಬೆಳಗಿನ ಚಹಾ ಮುಗಿಯುತ್ತಲೇ ಧನಾಜಿ ಬಾಲಗಾಂವದ ತನ್ನ ಮನೆಯ ಅಂಗಳದಲ್ಲಿ ಒಂದು ವಿಮಾನ ನಿಲ್ದಾಣ ತೆರೆದ. ಅಡ್ಡ ಹಾಕಿದ ಹೊರಸೇ ಪೊಲೀಸರ ಮೇಜು, ಹಿಟ್ಟಿನ ಜರಡಿಯೇ ಸಾಮಾನಿಡುವ ತಟ್ಟೆ, ಕೈಯಲ್ಲಿದ್ದ ಬ್ಯಾಟರಿಯೇ ತಪಾಸಣೆಯ ಯಂತ್ರ. ಎದುರಿಗೆ ಅವನ ತಂಗಿ ಕರಿಷ್ಮಾ ಐದು ತಿಂಗಳ ಕೂಸನ್ನು ಎತ್ತಿಕೊಂಡು ನಿಂತಿದ್ದಳು. ಬಾಣಂತನ ಮುಗಿಸಿ ಕೊಚ್ಚಿಯಲ್ಲಿರುವ ಗಂಡನ ಹತ್ತಿರ ಹೊರಟಿದ್ದಳು. ಮರುದಿನ ಪುಣೆಯಲ್ಲಿ ವಿಮಾನ, ಜೊತೆಗೆ ಯಾರೂ ಇಲ್ಲ. ಧನಾಜಿಯೂ ವಿಮಾನ ಹತ್ತಿದವನಲ್ಲ, ಮೊಬೈಲಿನಲ್ಲಿ ನೋಡಿದ್ದ. ಅಷ್ಟು ಸಾಕೆಂದು ಅವನ ನಂಬಿಕೆ.

"ಚೀಲ ಇಡ್ರಿ ಅಕ್ಕಾರ" ಎಂದ, ಗಂಟಲು ದಪ್ಪ ಮಾಡಿ.

ಗಂಡ ತರಿಸಿಕೊಟ್ಟ ನೀಲಿ ಚೀಲವನ್ನು ಕರಿಷ್ಮಾ ಇಟ್ಟಳು. ಅದಕ್ಕೆ ಮೈತುಂಬ ಜೇಬು. ಪಕ್ಕದಲ್ಲೇ ಅವರ ಅಜ್ಜಿ ಮಾಯಕ್ಕ ತಾನು ಹಳೆ ಬಟ್ಟೆ ತುಂಡು ಕೂಡಿಸಿ ಹೊಲಿದ ಕೌದಿಯ ಚೀಲ ತಂದಿಟ್ಟಳು.

"ಕೂಸಿಗೆ ಒಂದ ಚೀಲ, ಅಜ್ಜಿ. ಎರಡ ನಡ್ಯಂಗಿಲ್ಲ" ಎಂದ ಧನಾಜಿ.

"ಹಂಗಾರ ನಂದ ಒಯ್ಯಲಿ. ಇದಕ ಒಂದ ಬಾಯಿ. ಅದಕ ಎಲ್ಲಿ ನೋಡಿದ್ರೂ ಬಾಯಿ. ಕೂಸು ಅಳಾಕತ್ತಿದ್ರ ಯಾವ ಬಾಯಾಗ ಕೈ ಹಾಕೂದು?"

"ಹಾಲಿನ ಬಾಟ್ಲಿ ನೆಟ್ಟಗ ನಿಂದ್ರಾಕ ಅದರಾಗ ಜಾಗಾ ಐತಿ" ಎಂದಳು ಕರಿಷ್ಮಾ. ನೀಲಿ ಚೀಲ ಗೆದ್ದಿತು. ಹಳೆ ಸೀರೆ ಹರಿದು ಮಾಡಿದ ಮೆತ್ತನೆಯ ಬಟ್ಟೆ, ಬಜೆ, ಕಾಡಿಗೆ ಡಬ್ಬಿ ಎಲ್ಲವೂ ಕೌದಿಯ ಚೀಲದಿಂದ ಅದರೊಳಗೆ ಹೋದವು. ಡೈಪರ್ ತುಂಬುವಾಗ ಅಜ್ಜಿ ಒಂದನ್ನು ತಿರುವಿ ಮುರುವಿ ನೋಡಿದಳು. "ಒಳಗ ಏನ ನಡದೈತಿ ಅಂತ ಹೊರಗ ತಿಳಿಯಂಗಿಲ್ಲ. ಥೇಟ ನಿಮ್ಮ ಅಜ್ಜನ ಸ್ವಭಾವ."

ಧನಾಜಿ ಚೀಲದ ಮೇಲೆ ಬ್ಯಾಟರಿ ಆಡಿಸಿ "ಪೀಂ ಪೀಂ" ಎಂದ. ಒಳಗೆ ಕೈ ಹಾಕಿದರೆ ಬಟ್ಟೆಯ ಸುರುಳಿಯೊಳಗಿಂದ ಅಡಕತ್ತರಿ ಬಂತು.

"ಇದೇನ್ರಿ?"

"ಯಾಕ, ಪೊಲೀಸರು ಅಡಕಿ ತಿನ್ನಂಗಿಲ್ಲೇನ?" ಎಂದಳು ಅಜ್ಜಿ.

"ಅಜ್ಜಿ, ಕತ್ತರಸೂ ಸಾಮಾನ ಒಳಗ ಬಿಡಂಗಿಲ್ಲ."

"ಹುಟ್ಟಿದಾಗಿಂದ ಇದು ಕೂಸಿನ ತಲಿದಿಂಬಿನ ಬುಡಕ ಐತಿ. ಕಬ್ಬಿಣ ಇಲ್ಲದ ಎಳೆಗೂಸು ಊರ ಸೀಮಿ ದಾಟಬಾರದು, ಗಾಳಿ ಸೋಂಕತೈತಿ. ಮ್ಯಾಲ ಅಂತೂ ಬರೇ ಗಾಳಿನ."

ಧನಾಜಿ ಅಡಕತ್ತರಿಯನ್ನು ಕಟ್ಟೆಯ ಮೇಲಿಟ್ಟ. ಎರಡನೆಯ ತಪಾಸಣೆಯಲ್ಲಿ ಅದು ಡೈಪರುಗಳ ನಡುವಿನಿಂದ ಹೊರಬಿತ್ತು. ಮೂರನೆಯದರಲ್ಲಿ ಕೂಸಿನ ಕಾಲುಚೀಲದೊಳಗಿಂದ. ಪ್ರತಿ ಸಲವೂ ಮಾಯಕ್ಕಜ್ಜಿ ಬೇವಿನ ಮರದ ಕಡೆ ನೋಡುತ್ತ ನಿಂತಿದ್ದಳು.

ಕರಿಷ್ಮಾಳ ಕಣ್ಣು ತುಂಬಿ ಬಂತು. "ಅಲ್ಲಿ ನನ್ನ ಹಿಡದ ನಿಂದ್ರಿಸಿದ್ರ ವಿಮಾನ ಬಿಟ್ಟ ಹೋಗತೈತಿ, ಅಜ್ಜಿ. ಈ ಕೂಸಿನ ಅಪ್ಪ ಇದನ್ನ ಇನ್ನೂ ಒಮ್ಮಿನೂ ಎತ್ತಿಲ್ಲ."

"ವಿಮಾನ ಹೋದ್ರ ಮತ್ತೊಂದ ಬರತೈತಿ. ಕೂಸಿಗೆ ಏನರ ಆದ್ರ?"

ಅಷ್ಟರಲ್ಲಿ ಕರಿಷ್ಮಾ ಪುಣೆಯ ಬಸ್ಸಿಗಾಗಿ ಜತ್ತಕ್ಕೆ ಹೋಗಬೇಕಿದ್ದ ಜೀಪಿನ ಹಾರ್ನು ಕೇಳಿಸಿತು. ಧನಾಜಿ ಪೊಲೀಸರ ದನಿ ಬಿಟ್ಟು ಅಜ್ಜಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತ.

"ವಿಮಾನ ಯಾವುದರದ್ದ ಗೊತ್ತೈತೇನ ನಿನಗ? ಕಬ್ಬಿಣದ್ದು. ನೆಲಾ ಕಬ್ಬಿಣ, ಗ್ವಾಡಿ ಕಬ್ಬಿಣ, ಮ್ಯಾಲ ಛತ್ತೂ ಕಬ್ಬಿಣ. ಇಲ್ಲಿ ಕಬ್ಬಿಣ ಕೂಸಿನ ದಿಂಬಿನ ಬುಡಕ ಇತ್ತು. ಅಲ್ಲಿ ಕೂಸ ಕಬ್ಬಿಣದ ಹೊಟ್ಟ್ಯಾಗ ಇರತೈತಿ."

ಅಜ್ಜಿ ಬೇವಿನ ಮರ ಬಿಟ್ಟು ಅವನ ಕಡೆ ತಿರುಗಿದಳು. "ಪೂರಾ?"

"ಪೂರಾ."

"ಹಂಗಂತ ಮೊದಲ ಹೇಳಾಕ ಏನಾಗಿತ್ತೋ ನಿನಗ" ಎಂದು ಅಡಕತ್ತರಿ ಎತ್ತಿಕೊಂಡು ಕಟ್ಟೆಯ ಮೇಲೆ ಕೂತು ಒಂದು ಅಡಿಕೆ ಕತ್ತರಿಸಿ ಬಾಯಿಗೆ ಹಾಕಿಕೊಂಡಳು. ಕರಿಷ್ಮಾ ಅಣ್ಣನ ಮುಖವನ್ನು ಒಮ್ಮೆ ನೋಡಿ ಚೀಲ ಹೆಗಲಿಗೇರಿಸಿದಳು.

ಮರುದಿನ ಸಂಜೆ ಕೊಚ್ಚಿಯಿಂದ ವಿಡಿಯೋ ಕಾಲ್ ಬಂತು. ಧನಾಜಿ ಫೋನನ್ನು ಅಜ್ಜಿಯ ಕೈಗಿಟ್ಟ.

"ಎಲ್ಲಾ ಚಲೋ ಆತು, ಅಜ್ಜಿ" ಎಂದಳು ಕರಿಷ್ಮಾ. "ಪೊಲೀಸ ಹೆಣ್ಮಗಳು ಕೂಸಿನ ತಲಿ ಕುಂಚಿಗಿ ಮುಟ್ಟಿ ನೋಡಿ ನಕ್ಕ ಬಿಟ್ಟಳು. ಕೂಸು ಇಳಿಯೂತನಕ ಮಲಗಿತ್ತು."

"ಮಲಗದ ಏನ ಮಾಡತೈತಿ. ಅಷ್ಟ ದೊಡ್ಡ ಕಬ್ಬಿಣ."

ಕೂಸನ್ನು ಎತ್ತಿಕೊಂಡಿದ್ದ ಅವಳ ಗಂಡ ಅನಿಲ ನಡುವೆ ಮುಖ ತೂರಿಸಿದ. ಅವನದು ಅಲ್ಲಿ ಹಳೆ ಬಂಗಾರ ಕರಗಿಸಿ ಶುದ್ಧ ಮಾಡುವ ಕೆಲಸ. ಲೋಹದ ವಿಷಯದಲ್ಲಿ ತಪ್ಪು ಮಾತು ಕಿವಿಗೆ ಬಿದ್ದರೆ ಸುಮ್ಮನಿರುವವನಲ್ಲ.

"ಕಬ್ಬಿಣ ಎಲ್ಲೀದ್ರಿ, ಅಜ್ಜಿ? ಕಬ್ಬಿಣ ಇದ್ರ ಅದು ಮ್ಯಾಲ ಏಳತಿತ್ತೇನ್ರಿ? ಅಲ್ಯುಮಿನಿಯಂ ಅದು. ನಾವು ಜರ್ಮನ್ ಅಂತೀವಲ್ರಿ, ಅದ. ನಿಮ್ಮನ್ಯಾಗ ಚಹಾ ಕಾಸೂ ಬೋಗುಣಿ ಐತಲ್ರಿ, ಹಂತಾದ್ದು."

ಮಾಯಕ್ಕಜ್ಜಿ ತಿರುಗಿ ಒಲೆಯ ಕಡೆ ನೋಡಿದಳು. ಬೋಗುಣಿಯ ತಳ ಕರ್ರಗಾಗಿತ್ತು. ಧನಾಜಿ ಸಣ್ಣವನಿದ್ದಾಗ ಅದರ ಮೇಲೆ ಕೂತಿದ್ದರಿಂದ ಒಂದು ಮಗ್ಗುಲು ತಗ್ಗಾಗಿತ್ತು. ಆಮೇಲೆ ಅವಳು ಧನಾಜಿಯ ಕಡೆ ನೋಡಿದಳು. ಅವನು ಕೂತಿದ್ದ ಜಾಗ ಖಾಲಿಯಿತ್ತು.

"ಅಜ್ಜಿ, ಇಲ್ಲಿ ನೋಡು." ಕರಿಷ್ಮಾ ಕೂಸಿನ ತಲೆಯ ಕುಂಚಿಗೆಯ ಅಂಚನ್ನು ಮಗುಚಿ ಹಿಡಿದಳು. ಈ ಕಿವಿಯಿಂದ ಆ ಕಿವಿಯವರೆಗೆ ಸಾಲಾಗಿ ಸೇಫ್ಟಿ ಪಿನ್ನುಗಳು, ಒಂದೊಂದೂ ಬಿಗಿಯಾಗಿ ಬಾಯಿ ಮುಚ್ಚಿಕೊಂಡು ಕೂತಿದ್ದವು. "ಅಣ್ಣ ಸುಳ್ಳ ಹೇಳಾಕತ್ತಾನಂತ ನನಗ ಅಲ್ಲೇ ಗೊತ್ತಿತ್ತು. ಜೀಪಿನ್ಯಾಗ ಕುಂತ ಹಚ್ಚಿದೆ."

ಅಜ್ಜಿ ಫೋನನ್ನು ಮೂಗಿನ ತನಕ ತಂದು ಬಹಳ ಹೊತ್ತು ನೋಡಿದಳು. ಒಂದೊಂದನ್ನೇ ಎಣಿಸಿ ತಲೆಯಾಡಿಸಿದಳು. ಆಮೇಲೆ ಹುಬ್ಬು ಗಂಟಿಕ್ಕಿದಳು.

"ಅಲ್ಲವ್ವಾ, ಈ ಪಿನ್ನಾದ್ರೂ ಕಬ್ಬಿಣದವ ಹೌದಲ್ಲ?"

ಅನಿಲ ಬಾಯಿ ತೆರೆದ. ಕರಿಷ್ಮಾ ಅದರ ಮೇಲೆ ಅಂಗೈ ಇಟ್ಟಳು.