ಮೂವತ್ತೊಂದು ಹೊಸ ಬಾಲಗಳು

ಬೀರುವಿನ ಬೀಗ ತೆಗೆಯುವಾಗ ಹಿರಿಯಳಿಯನ ಹೊಟ್ಟೆಯಲ್ಲಿದ್ದ ಕಿಚ್ಚಿನಿಂದ ಹತ್ತು ಹಡಗು ಓಡಿಸಿ, ಮಿಕ್ಕಿದ್ದರಲ್ಲಿ ಊರಿಗೆಲ್ಲ ನೀರು ಕಾಯಿಸಬಹುದಿತ್ತು.

ರಜಾದಿನ. ತಿಮಿಂಗಿಲ ಗಣತಿಯ ಕಚೇರಿಯಲ್ಲಿ ನರಪಿಳ್ಳೆಯೂ ಇರಲಿಲ್ಲ. ಷಡ್ಡಕನ ಕಳ್ಳತನ ಹಿಡಿಯಲು ಇಂಥ ಮಧ್ಯಾಹ್ನ ಭೂಮಿ ಹುಟ್ಟಿದಾಗಿನಿಂದ ಬಂದಿರಲಿಲ್ಲ.

ಅಲ್ಲಿಯ ಕೆಲಸ ಸರಳ. ತಿಮಿಂಗಿಲ ಮುಳುಗುವಾಗ ಬಾಲ ಎತ್ತುತ್ತದೆ, ಫೋಟೊ ಹೊಡೆಯಬೇಕು. ಬಾಲದ ಅಂಚು ಒಂದೊಂದರದು ಒಂದೊಂದು ಥರ. ಹಳೆಯ ಫೋಟೊಗಳ ಯಾವ ಅಂಚಿಗೂ ಹೊಂದದಿದ್ದರೆ ಅದು ಹೊಸ ತಿಮಿಂಗಿಲ. ಕಂಡವನೇ ಹೆಸರಿಡುತ್ತಾನೆ.

ಇಪ್ಪತ್ತು ವರ್ಷದಲ್ಲಿ ಹಿರಿಯಳಿಯ ಕಂಡದ್ದು ಮೂರು. ಹೆಂಡತಿಯ ತಂಗಿಯ ಗಂಡ, ಮೊನ್ನೆ ಮೊನ್ನೆ ಸೇರಿದವನು, ಎರಡೇ ವರ್ಷದಲ್ಲಿ ಮೂವತ್ತೊಂದು! ಒಂದಕ್ಕೆ ಅತ್ತೆಯ ಹೆಸರನ್ನೇ ಇಟ್ಟಿದ್ದ. ಅಂದಿನಿಂದ ಅತ್ತೆಯ ಹೆಮ್ಮೆ ಆ ತಿಮಿಂಗಿಲಕ್ಕಿಂತ ಒಂದು ಮಾರು ಉದ್ದ. ನಾಳೆ ಮುಖ್ಯಸ್ಥರ ಕುರ್ಚಿಯೂ ಅವನಿಗೇ.

"ಇಷ್ಟೊಂದು ಎಲ್ಲಿಂದ ತರ್ತೀಯಪ್ಪಾ?" ಎಂದು ಹಿರಿಯಳಿಯ ಒಮ್ಮೆ ಕೇಳಿದ್ದ.

"ನಾನೆಲ್ಲಿಂದ ತರ್ಲಿ ಭಾವ? ಹೊಸ ಹಡಗುದಾರಿ ಆಯ್ತಲ್ಲ, ಅದರ ಪಕ್ಕ ಕಾಯ್ತೀನಿ. ಸಿಗ್ತವೆ."

ಹಿರಿಯಳಿಯ ಫೋಟೊಗಳನ್ನು ಮೇಜಿನ ತುಂಬ ಹರಡಿದ. ಅಂಚು ಬಿಟ್ಟು, ಯಾರೂ ನೋಡದ ನಡುವಿನ ಬಿಳಿ ಮಚ್ಚೆಗಳ ಮೇಲೆ ಭೂತಗನ್ನಡಿ ಇಟ್ಟ. ಅರ್ಧ ಗಂಟೆಯಲ್ಲಿ ಅತ್ತೆ ಸಿಕ್ಕಿಬಿದ್ದರು. ಅವರ ಹೆಸರಿನ ತಿಮಿಂಗಿಲದ ಮಚ್ಚೆಗಳು ಹತ್ತು ವರ್ಷ ಹಿಂದಿನ ಇನ್ನೊಂದು ಬಾಲದವೇ. ಅಂಚು ಮಾತ್ರ ಬೇರೆ. ಸಂಜೆಯೊಳಗೆ ಮೂವತ್ತೊಂದಕ್ಕೂ ಹಳೆಯ ಜೋಡಿ ಸಿಕ್ಕಿತು.

ಹಳೆಯ ಫೋಟೊಗಳ ಅಂಚು ಕತ್ತರಿಸಿ ಹೊಸವೆಂದು ತೋರಿಸಿದ್ದಾನೆ, ಖದೀಮ. ಖುಷಿಗೆ ಹಿರಿಯಳಿಯನ ಕಾಲು ನೆಲದಿಂದ ಎರಡಡಿ ಮೇಲಿತ್ತು. ಕೂಡಲೇ ಷಡ್ಡಕನಿಗೆ ಫೋನು ಮಾಡಿ ಕರೆಸಿದ.

ಕಿರಿಯಳಿಯ ಬಂದ. ಜೋಡಿಗಳನ್ನು ಒಂದೊಂದಾಗಿ ನೋಡಿದ. ಮುಖ ಬಿಳಿಚಿತು.

"ಕತ್ತರಿಸಿದ್ದು ಯಾರು, ನೀನೇ ಹೇಳ್ತೀಯಾ, ನಾನು ಹೇಳ್ಲಾ?"

ಕಿರಿಯಳಿಯ ದೋಣಿಯಿಂದ ತೆಗೆದಿದ್ದ ವಿಡಿಯೊ ಹಾಕಿದ. ಅತ್ತೆಯ ಹೆಸರಿನ ಬಾಲ ನೀರಿನಿಂದ ನಿಧಾನ ಮೇಲೆದ್ದಿತು. ಅಂಚಿನುದ್ದಕ್ಕೂ ಹಡಗಿನ ಪಂಖ ಕೊರೆದ ಕಚ್ಚುಗಳು, ಸಮನಾಗಿ, ಇನ್ನೂ ಕೆಂಪಗೆ.

"ಭಾವ," ಎಂದ ಕಿರಿಯಳಿಯ, "ಹಾಗಾದ್ರೆ ಹೊಸದು ಒಂದೂ ಹುಟ್ಟಿಲ್ವಾ?"